ಕೇಳಿಸದ ನಾದದ ಇರವು

ಕಿವಿಗೆ ಕೇಳಿಸದ ನಾದವನ್ನು ಇಲ್ಲವೆನ್ನಬಹುದೇ ಎಂಬುದು, ಹಾಡುಗಳೆಲ್ಲ ಫೈಲುಗಳಾಗಿ ಮೊಬೈಲು ಸೇರಿರುವ ಈ ಕಾಲದಲ್ಲಿ, ಕೇವಲ ತಂತ್ರಜ್ಞಾನದ ಪ್ರಶ್ನೆಯಾಗಿ ಉಳಿದಿಲ್ಲ. ಕುಮಾರಿಲ ಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅಭಾವವನ್ನು ತಿಳಿಯಲು 'ಅನುಪಲಬ್ಧಿ'ಯನ್ನು, ಅಂದರೆ ತೋರದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದು ಒಪ್ಪಿದರು. ಆದರೆ ವಸ್ತು ಇದ್ದಿದ್ದರೆ ತೋರಿಯೇ ತೋರುತ್ತಿತ್ತು ಎನ್ನುವಂಥ ಸನ್ನಿವೇಶದಲ್ಲಿ ಮಾತ್ರ ಅದು ಸಲ್ಲುತ್ತದೆಂಬ ಕಟ್ಟನ್ನೂ ಹಾಕಿದರು. ಇದೇ ಯೋಗ್ಯಾನುಪಲಬ್ಧಿ. ಬೆಳಕಿನಲ್ಲಿ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದೇ ಅರ್ಥ; ಕತ್ತಲಲ್ಲಿ ಕಾಣದಿದ್ದರೆ ಹಾಗೆನ್ನುವಂತಿಲ್ಲ.

ಡಿಜಿಟಲ್ ಧ್ವನಿಮುದ್ರಣವೆಂದರೆ ಧ್ವನಿಯ ಏರಿಳಿತವನ್ನು ನಿಗದಿತ ಅಂತರದಲ್ಲಿ ಅಳೆದು ಅಂಕಿಗಳಾಗಿ ಬರೆದಿಡುವುದು. ಸಿ.ಡಿ.ಯಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ ನಡೆಯುತ್ತದೆ, ಒಂದೊಂದು ಅಳತೆಗೂ 16 ಬಿಟ್‌ಗಳು ಮೀಸಲು. ಎರಡು ಅಳತೆಗಳ ನಡುವಿನ ನಾದ ಸೋರಿಹೋಗುತ್ತದೆಂಬ ಶಂಕೆಗೆ ಆಧಾರವಿಲ್ಲ. ಅಳತೆಯ ದರದ ಅರ್ಧಕ್ಕಿಂತ ಕಡಿಮೆ ಆವರ್ತನದ ಕಂಪನಗಳನ್ನು ಆ ಅಂಕಿಗಳಿಂದಲೇ ಮರಳಿ ಕಟ್ಟಬಹುದೆಂಬುದು ನೈಕ್ವಿಸ್ಟ್ ಮತ್ತು ಶಾನನ್ ಅವರ ಹೆಸರಿನ ಪ್ರಮೇಯ, ಮನುಷ್ಯನ ಕಿವಿಯ ಮಿತಿಯಾದರೋ ಸುಮಾರು 20,000 ಹರ್ಟ್ಜ್. ವೇವ್ ಫೈಲು ಈ ಅಂಕಿಗಳನ್ನು ಹಾಗೆಯೇ ಇಡುತ್ತದೆ. ಫ್ಲ್ಯಾಕ್ ಒಂದೂ ಅಂಕಿ ಕೆಡದಂತೆ ಅವನ್ನು ಒತ್ತಾಗಿ ಕಟ್ಟಿಡುತ್ತದೆ. ಎಂಪಿ3ಯ ದಾರಿಯೇ ಬೇರೆ: ಜೋರಾದ ಸದ್ದು ತನ್ನ ಆವರ್ತನಕ್ಕೆ ಹತ್ತಿರದ ಮೆಲುಸದ್ದನ್ನು ಮರೆಮಾಡುತ್ತದೆಂಬ ಶ್ರವಣಶಾಸ್ತ್ರದ ತತ್ತ್ವವನ್ನು ನೆಚ್ಚಿ, ಕಿವಿಗೆ ತಿಳಿಯದೆಂದು ಎಣಿಸಿದ್ದನ್ನು ಅದು ಒರಟಾಗಿಸುತ್ತದೆ ಇಲ್ಲವೇ ಕೈಬಿಡುತ್ತದೆ. ಸಿ.ಡಿ.ಯ ಸೆಕೆಂಡಿಗೆ 1,411 ಕಿಲೋಬಿಟ್‌ಗಳು 128ಕ್ಕೆ ಇಳಿಯುವುದು ಹೀಗೆ.

ಪೀಣ್ಯದ ಪಾಳಿ ಮುಗಿಸಿ ಯಶವಂತಪುರದಲ್ಲಿ ತುಮಕೂರಿನ ರೈಲು ಹತ್ತಿದ ಕಾರ್ಮಿಕನಿಗೆ ಈ ಲೆಕ್ಕ ಒಪ್ಪಿಗೆಯಾಗುವಂಥದೇ. ಹಾಸನದ ಹಳಿ ಕವಲೊಡೆಯುವ ಚಿಕ್ಕಬಾಣಾವರದಲ್ಲಿ ಗಾಲಿಗಳ ಗಡಗಡ ಸದ್ದಿನ ನಡುವೆ, ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಟ್ಟ ನೂಲಿನೆಳೆ ಎಬ್ಬಿಸುವ ಸೂಕ್ಷ್ಮ ಉಪಸ್ವರಗಳು ಇಯರ್‌ಫೋನಿನಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಇದು ಕತ್ತಲಲ್ಲಿ ಗಡಿಗೆ ಹುಡುಕಿದಂತೆ. ಇಲ್ಲಿ ಕೇಳಿಸದಿರುವಿಕೆ ಅಭಾವಕ್ಕೆ ಪ್ರಮಾಣವಾಗದು. ಎಂಪಿ3ಯನ್ನು ರೂಪಿಸಿದವರು ನಿಶ್ಶಬ್ದ ಕೋಣೆಯ ಶ್ರವಣವನ್ನೂ ಪರೀಕ್ಷಿಸಿದ್ದರೆಂಬುದು ನ್ಯಾಯವಾದ ಆಕ್ಷೇಪ. ಆದರೂ ಅವರ ತೀರ್ಮಾನ ಒಂದು ಬಗೆಯ ಕೇಳುವಿಕೆಗೆ ಮಾತ್ರ ಅನ್ವಯಿಸುತ್ತದೆ: ಗಮಕ ಕಲಿಯುವ ಶಿಷ್ಯೆ ಅದೇ ಫೈಲನ್ನು ನಿಧಾನಗೊಳಿಸಿ ಆಲಿಸಿದಾಗ, ಅಥವಾ ಅದನ್ನು ಮತ್ತೆ ಮತ್ತೆ ಎಂಪಿ3 ಆಗಿಸಿದಾಗ, ಮರೆಯಲ್ಲಿದ್ದ ಕೊರತೆ ಹೊರಬೀಳುತ್ತದೆ. ಕೇಳಿಸದ್ದು ಅನಗತ್ಯವೆಂದು ಮುಂದಿನ ಕೇಳುಗರೆಲ್ಲರ ಪರವಾಗಿ ಇಂದೇ ತೀರ್ಪು ಕೊಡುವ ಅಧಿಕಾರ ಯಾವ ಫೈಲಿಗೂ ಇಲ್ಲ.

ಎಂಪಿ3ಯನ್ನು ವೇವ್ ಆಗಿ ಬದಲಿಸಿದರೆ ಫೈಲು ದೊಡ್ಡದಾದೀತೇ ಹೊರತು ಬಿಟ್ಟುಹೋದದ್ದು ಮರಳದು. ಆದುದರಿಂದ ಹಿರಿಯರ ಹರಿಕಥೆ, ಭಜನೆ, ತತ್ತ್ವಪದಗಳ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸುವವರು ಮೂಲಪ್ರತಿಯನ್ನು ವೇವ್ ಅಥವಾ ಫ್ಲ್ಯಾಕ್‌ನಲ್ಲೇ ಕಾದಿಡಬೇಕು. ಮೊಬೈಲಿಗೆ ಬೇಕಾದ ಎಂಪಿ3ಯನ್ನು ಅದರಿಂದ ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು.