ಪ್ರತಿಗೆ ಒಡಲಾಗುವ ಕಾಗದ

ಕ್ಯೋಟೊ ನಗರದ ಕೆನ್ನಿನ್‌ಜಿ 1202ರಲ್ಲಿ ಸ್ಥಾಪನೆಯಾದ ಝೆನ್ ಮಠ. ತವರಾಯ ಸೋತಾತ್ಸು 17ನೆಯ ಶತಮಾನದ ಮೊದಲ ಭಾಗದಲ್ಲಿ ಚಿನ್ನದ ರೇಕಿನ ಮೇಲೆ ಬರೆದ ಗಾಳಿದೇವ, ಸಿಡಿಲದೇವರ ಮಡಿಕೆತೆರೆಗಳು ಈ ಮಠದ ಸ್ವತ್ತು. ಕೈಹೋ ಯೂಶೋ ಮಸಿಯಲ್ಲಿ ಬರೆದ, ಮೋಡಗಳ ನಡುವಿಂದ ಹೊರಬರುವ ಡ್ರ್ಯಾಗನ್ ಕೂಡ ಇದರದೇ. ಮೂಲಗಳು ಕ್ಯೋಟೊ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸುಪರ್ದಿನಲ್ಲಿವೆ. ಮಠಕ್ಕೆ ಬಂದವರು ಸಾಮಾನ್ಯವಾಗಿ ನೋಡುವುದು ಪ್ರತಿಗಳನ್ನು. ಕ್ಯಾನನ್ ಕಂಪನಿಯೂ ಕ್ಯೋಟೊದ ಒಂದು ಸಾಂಸ್ಕೃತಿಕ ಸಂಘವೂ 2007ರಲ್ಲಿ ಆರಂಭಿಸಿದ ‘ತ್ಸುಝುರಿ’ ಯೋಜನೆ ಇಂಥ ಪ್ರತಿಗಳನ್ನು ತಯಾರಿಸುತ್ತದೆ. ಚಿತ್ರವನ್ನು ಅತಿ ಸೂಕ್ಷ್ಮವಾಗಿ ಕ್ಯಾಮೆರಾದಲ್ಲಿ ಸೆರೆಹಿಡಿದು, ಜಪಾನಿ ಕಾಗದ ಅಥವಾ ರೇಷ್ಮೆಯ ಮೇಲೆ ದೊಡ್ಡ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ, ಅಗತ್ಯವಿದ್ದಲ್ಲಿ ಕುಶಲಕರ್ಮಿಗಳಿಂದ ಚಿನ್ನದ ರೇಕು ಹಚ್ಚಿಸಲಾಗುತ್ತದೆ. ಇದರಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಯಂತ್ರ ಉಗುಳಿದ ಚಿತ್ರ ಮಠದಲ್ಲಿ ಇರಲು ಯೋಗ್ಯವೇ? ಯೋಗ್ಯವೆಂದಾದರೆ, ಅದಕ್ಕೆ ಯಾವ ಕಾಗದವಾದರೂ ಆದೀತೇ?

ಮೊದಲ ಪ್ರಶ್ನೆಗೆ ಬೌದ್ಧ ಪರಂಪರೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಸೂತ್ರವನ್ನು ನಕಲು ಮಾಡುವುದು ಅಲ್ಲಿ ಪುಣ್ಯಕಾರ್ಯ. ಜಪಾನಿನ ಸಾಮ್ರಾಜ್ಞಿ ಶೋತೋಕು 8ನೆಯ ಶತಮಾನದಲ್ಲಿ ಧಾರಣೀ ಮಂತ್ರಗಳನ್ನು ಕಾಗದದ ಪಟ್ಟಿಗಳ ಮೇಲೆ ಅಚ್ಚು ಹಾಕಿಸಿ, ಹತ್ತು ಲಕ್ಷ ಪುಟ್ಟ ಮರದ ಸ್ತೂಪಗಳಲ್ಲಿ ಇರಿಸಲು ಸಂಕಲ್ಪಿಸಿದಳು. ಆ ಕೆಲಸ 770ರಲ್ಲಿ ಮುಗಿಯಿತು. ಮೂಲಪ್ರತಿ ಒಂದೇ ಇರಬೇಕೆಂಬ ಹಂಬಲ ಅಲ್ಲಿ ಇರಲೇ ಇಲ್ಲ. ಮೂರ್ತಿಯ ವಿಷಯದಲ್ಲೂ ಹಾಗೆಯೇ: ಕಡೆದ ಕೈಗಿಂತ ಕಣ್ಣು ತೆರೆಸುವ ವಿಧಿ ದೊಡ್ಡದು. 752ರಲ್ಲಿ ನಾರಾ ನಗರದ ತೋದಾಯ್‌ಜಿಯ ಮಹಾಬುದ್ಧನಿಗೆ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಆ ಕುಂಚ ಇಂದಿಗೂ ಶೋಸೋಯಿನ್ ಭಂಡಾರದಲ್ಲಿದೆ. ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುವ, ರವಿವರ್ಮ ಪ್ರೆಸ್ಸಿನ ಲಕ್ಷ್ಮಿಗೆ ಕಟ್ಟು ಹಾಕಿಸಿ ಕುಂಕುಮ ಇಡುವ ಕನ್ನಡಿಗರಿಗೆ ಈ ನೋಟ ಹೊಸದಲ್ಲ.

ಇದರ ತಾತ್ವಿಕ ಬುಡ ಬೌದ್ಧ ತತ್ತ್ವಜ್ಞ ನಾಗಾರ್ಜುನನ ಶೂನ್ಯತೆಯಲ್ಲಿದೆ. ಯಾವ ವಸ್ತುವಿಗೂ ತನ್ನಷ್ಟಕ್ಕೆ ತಾನೇ ನಿಂತ ಸ್ವಭಾವವಿಲ್ಲ ಎಂದಾದರೆ, ಮೂಲ ಚಿತ್ರಕ್ಕೂ ಅದು ಇಲ್ಲ. ಯೂಶೋ ಬರೆದದ್ದು ಕೋಣೆಯ ಜಾರುಬಾಗಿಲುಗಳ ಮೇಲೆ. 1934ರ ಚಂಡಮಾರುತದಲ್ಲಿ ಕಟ್ಟಡ ಕುಸಿದ ಮೇಲೆ ಚಿತ್ರಗಳನ್ನು ಬಿಡಿಸಿ ತೂಗುಪಟಗಳಾಗಿ ಮಾಡಲಾಯಿತು. ಹೀಗಾಗಿ ಮತ್ತೆ ಬಾಗಿಲಾಗಿ ನಿಂತದ್ದು ಪ್ರತಿ, ಬಾಗಿಲಾಗಿ ಉಳಿಯದ್ದು ಮೂಲ. ಯಾವುದು ಹೆಚ್ಚು ನಿಜ ಎಂದು ಪಟ್ಟು ಹಿಡಿದು ಕೇಳುವವರಿಗೆ ಈ ಒಂದು ಸಂಗತಿಯೇ ಸಾಕಷ್ಟು ಕಠಿಣವಾದದ್ದು.

ಆದರೆ ಶೂನ್ಯತೆಯ ಮತ್ತೊಂದು ಹೆಸರು ಪ್ರತೀತ್ಯಸಮುತ್ಪಾದ: ಪ್ರತಿಯೊಂದೂ ಕಾರಣಗಳನ್ನು ನೆಚ್ಚಿಕೊಂಡು ಹುಟ್ಟುತ್ತದೆ. ಪ್ರತಿಗೆ ಅನುಮತಿ ಕೊಡುವ ತತ್ತ್ವವೇ ಕಾಗದದ ವಿಷಯದಲ್ಲಿ ಕೈ ಕಟ್ಟುತ್ತದೆ. ಮಸಿಚಿತ್ರ ನೆಚ್ಚಿಕೊಂಡಿರುವುದು ಕುಂಚ, ಮಸಿ, ನೀರುಗಳನ್ನಷ್ಟೇ ಅಲ್ಲ, ಕಾಗದವನ್ನು ಕೂಡ. ಪೂರ್ವ ಏಷ್ಯಾದ ಇಂಥ ಕಾಗದಗಳನ್ನು ‘ರೈಸ್ ಪೇಪರ್’ ಎಂದು ಕರೆಯುವುದು ರೂಢಿಯಾದರೂ ಅವು ಅಕ್ಕಿಯಿಂದ ಮಾಡಿದವಲ್ಲ. ಜಪಾನಿನ ಕಾಗದವಾದ ವಾಶಿಗೆ ಮುಖ್ಯ ಕಚ್ಚಾವಸ್ತು ಕೋಝೊ, ನಮ್ಮ ಹಿಪ್ಪುನೇರಳೆಯ ಕುಟುಂಬದ ಗಿಡ. ಅದರ ಒಳತೊಗಟೆಯ ನಾರನ್ನು ಬೇಯಿಸಿ, ಬಡಿದು, ಬೆಂಡೆಯ ನೆಂಟಗಿಡವೊಂದರ ಬೇರಿನ ಲೋಳೆ ಬೆರೆಸಿದ ನೀರಿನಲ್ಲಿ ಹರಡಿ, ಜಾಲರಿಯಲ್ಲಿ ಎತ್ತುತ್ತಾರೆ. ಮರದ ತಿರುಳಿನ ನಾರು ಒಂದರಿಂದ ಮೂರು ಮಿಲಿಮೀಟರ್ ಇದ್ದರೆ, ಕೋಝೊ ನಾರು ಸುಮಾರು ಹತ್ತು ಮಿಲಿಮೀಟರ್. ಅದಕ್ಕೇ ಈ ಕಾಗದ ಹಗುರವಾಗಿದ್ದೂ ಗಟ್ಟಿ.

ಮುದ್ರಣದ ತೊಡಕು ಇಲ್ಲಿಂದ ಶುರು. ಲೇಪವಿಲ್ಲದ ಕೋಝೊ ಕಾಗದ ಇಂಕ್‌ಜೆಟ್ ಹನಿಯನ್ನು ಹೀರಿಬಿಡುತ್ತದೆ. ಶಾಯಿ ನಾರಿನುದ್ದಕ್ಕೂ ಹರಿದು ಗೆರೆ ಮಸುಕಾಗಿ ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಶಾಯಿಯನ್ನು ಮೇಲ್ಮೈಯಲ್ಲೇ ಹಿಡಿದಿಡುವ ಲೇಪ ಬೇಕು. ತೋಕುಶಿಮಾದ ಅವಗಾಮಿಯಂಥ ತಯಾರಕರು ಲೇಪಿಸಿದ ವಾಶಿಯನ್ನು 44 ಇಂಚು ಅಗಲದ ಸುರುಳಿಗಳಲ್ಲೂ ಕೊಡುತ್ತಾರೆ. ಲೇಪ ದಪ್ಪವಾದಷ್ಟೂ ಚಿತ್ರ ಚೂಪು, ಆದರೆ ನಾರು ಅಷ್ಟೇ ಮರೆ. ಕೊನೆಗೆ ಉಳಿಯುವುದು ವಾಶಿಯ ಹೆಸರು ಹೊತ್ತ ನಯವಾದ ಹಾಳೆ. ಮಸಿಚಿತ್ರಕ್ಕೆ ತೆಳುಲೇಪದ ಕಾಗದವೇ ಸರಿ. ಒಂದಿಷ್ಟು ಚೂಪು ಕಳೆದುಕೊಂಡರೂ ನಷ್ಟವಿಲ್ಲ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬಿಟ್ಟ ಜಾಗದ ಪ್ರಶ್ನೆ. ಯೂಶೋನ ಡ್ರ್ಯಾಗನ್ ಸುತ್ತಲಿನ ಮಂಜು ಬಹುಪಾಲು ಬರೆದದ್ದಲ್ಲ, ಬರೆಯದೆ ಬಿಟ್ಟದ್ದು. ಆ ಖಾಲಿ ಭಾಗದಲ್ಲಿ ಕಾಣುವುದು ಬರಿಯ ಕಾಗದ, ಶತಮಾನಗಳ ಕಾಲ ಮಾಗಿದ ಕಾಗದ. ಹೊಳಪುಕಾರಕ ಬೆರೆಸಿದ ಅಚ್ಚ ಬಿಳಿ ಹಾಳೆಯ ಮೇಲೆ ಇದನ್ನು ಮುದ್ರಿಸಿದರೆ ಯಂತ್ರ ಆ ಮಾಗಿದ ಬಣ್ಣವನ್ನೂ ಶಾಯಿಯಿಂದಲೇ ಕಟ್ಟಬೇಕು. ಭೂತಗನ್ನಡಿ ಹಿಡಿದು ನೋಡಿದರೆ ಮಂಜಿನ ತುಂಬ ಹಳದಿ, ನಸುಗೆಂಪು, ಬೂದು ಚುಕ್ಕೆಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ಕಲಾವಿದ ಖಾಲಿ ಬಿಟ್ಟ ಜಾಗವೇ ಹಾಳೆಯಲ್ಲಿ ಅತಿ ಹೆಚ್ಚು ಪ್ರದೇಶಕ್ಕೆ ಶಾಯಿ ಬಿದ್ದ ಜಾಗವಾಗಿಬಿಡುತ್ತದೆ. ಹೊಳಪುಕಾರಕದ ಶಕ್ತಿ ವರ್ಷಗಳಲ್ಲಿ ಕುಂದಿದಾಗ ಹಾಳೆಯ ಬಿಳುಪು ಇಳಿದು ಬಣ್ಣದ ಹೊಂದಾಣಿಕೆಯೂ ತಪ್ಪುತ್ತದೆ. ಬಿಳುಪು ಮಾಡದ, ಮೂಲದ ಮೈಬಣ್ಣಕ್ಕೆ ಹತ್ತಿರವಾದ ಕೋಝೊ ಆರಿಸಿ, ಫೈಲಿನಲ್ಲಿ ಆ ಹಿನ್ನೆಲೆಯ ಬಣ್ಣವನ್ನು ಕಳೆದರೆ, ಖಾಲಿ ಖಾಲಿಯಾಗಿಯೇ ಉಳಿಯುತ್ತದೆ. ಹೀಗೆ ಮಾಡಿದರೆ ಹಳೆಯ ಕಲೆ, ಸವಕಳಿಗಳ ಒಂದಷ್ಟು ವಿವರ ಬಿಟ್ಟುಹೋಗುತ್ತದೆ. ಮೂಲದ ವಯಸ್ಸನ್ನು ನಟಿಸುವುದಕ್ಕಿಂತ ಮೂಲದ ಮೌನವನ್ನು ಉಳಿಸುವುದು ಮೇಲು.

ಸೋತಾತ್ಸುವಿನ ತೆರೆಗಳ ಲೆಕ್ಕ ಬೇರೆ. ಅಲ್ಲಿ ಖಾಲಿ ಜಾಗವೆಂದರೆ ಚಿನ್ನ. ಹಳದಿ, ಕಂದು ಶಾಯಿಗಳನ್ನು ಎಷ್ಟೇ ಬೆರೆಸಿದರೂ ನೋಡುವವರು ಸರಿದಂತೆ ಬೆಳಕು ಸರಿಯುವ ಗುಣ ಅದಕ್ಕೆ ಬಾರದು, ರೇಕನ್ನೇ ಹಚ್ಚಬೇಕು. ಅಂಥ ಕೆಲಸಕ್ಕೆ ನಾರೆದ್ದ ಕೋಝೊಗಿಂತ ಗಂಪಿಯಂಥ ನುಣುಪು ಕಾಗದ ಹೊಂದುತ್ತದೆ. ಅಳತೆಯಲ್ಲೂ ಗಮನಿಸಬೇಕಾದದ್ದಿದೆ. ಒಂದೊಂದು ತೆರೆ ಸುಮಾರು 155 ಸೆಂಟಿಮೀಟರ್ ಎತ್ತರ, 170 ಸೆಂಟಿಮೀಟರ್ ಅಗಲ. 60 ಇಂಚಿನ ಯಂತ್ರಕ್ಕೂ ಅದು ಇಡಿಯಾಗಿ ಹಿಡಿಸದು. ಆದರೆ ತೆರೆಗೆ ಎರಡು ಮಡಿಕೆ. ಒಂದು ಮಡಿಕೆಯ ಅಗಲ ಸುಮಾರು 85 ಸೆಂಟಿಮೀಟರ್, 44 ಇಂಚಿನ ಸುರುಳಿಗೆ ಸಲೀಸು. ಕಲಾವಿದ ಒಪ್ಪಿಕೊಂಡಿದ್ದ ಗಡಿಯಲ್ಲೇ ಮುದ್ರಣದ ಗಡಿಯೂ ಬೀಳುತ್ತದೆ, ಹೊಸ ಬೆಸುಗೆ ಬೇಕಾಗುವುದಿಲ್ಲ.

ಮುದ್ರಿಸುವ ಮುನ್ನ ಹಾಳೆಯನ್ನು ಮೆತ್ತನೆಯ ಕುಂಚದಿಂದ ಸವರಬೇಕು. ಮೇಲ್ಮೈಯಲ್ಲಿ ಸಡಿಲವಾಗಿ ಕುಳಿತ ನಾರಿನ ಎಳೆ ಶಾಯಿಯನ್ನು ತಾನು ಹೀರಿ, ಆಮೇಲೆ ಉದುರಿದರೆ, ಡ್ರ್ಯಾಗನ್ನಿನ ಕಪ್ಪು ಮೈಮೇಲೆ ಕೂದಲೆಳೆಯಷ್ಟು ಬಿಳಿ ಗೀರು ಉಳಿಯುತ್ತದೆ. ಚೆನ್ನಾಗಿ ಒಣಗಿದ ಮುದ್ರಣದ ಬೆನ್ನಿಗೆ ಇನ್ನೊಂದು ತೆಳು ವಾಶಿಯನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚುತ್ತಾರೆ. ಪಿಗ್ಮೆಂಟ್ ಶಾಯಿಯಾದರೆ ಆ ತೇವವನ್ನು ತಾಳಿಕೊಳ್ಳುತ್ತದೆ. ಈ ಅಂಟು ನೀರು ತಾಗಿದರೆ ಬಿಡುತ್ತದೆ. ಮುಂದೆ ದುರಸ್ತಿ ಮಾಡುವವರು ಹಾಳೆಯನ್ನು ಹರಿಯದೆ ಬಿಡಿಸಿ, ಹೊಸ ಬೆನ್ನು ಕೊಟ್ಟು, ಮತ್ತೆ ಬಾಗಿಲಿಗೆ ಹಚ್ಚಬಹುದು.