ತಾನಾಗಿಯೇ

ಸುರಪುರದ ಕಡೆಯ ಹಳ್ಳಿಯಲ್ಲಿದ್ದಾಗ ಒಂಬತ್ತನೆಯ ತರಗತಿಯಲ್ಲಿ ಕುಡಿಕೆಯ ನೀರಿಗೆ ಸುಟ್ಟ ಸುಣ್ಣದ ಕಲ್ಲು ಹಾಕಿದೆ. ಬುಸುಗುಟ್ಟಿ ಕಾದಿತು. ಲೋಟದ ನೀರಿಗೆ ಗದ್ದೆಯ ಯೂರಿಯಾ ಹಾಕಿದೆ. ಲೋಟ ತಣ್ಣಗಾಯಿತು! ಎರಡೂ ತಾನಾಗಿಯೇ ನಡೆದದ್ದು. ಕಾರಣ ನಾಳೆ ಹೇಳುವೆನೆಂದೆ.

ಮರುದಿನ ಹಿಂದಿನ ಬೆಂಚಿನ ಹುಡುಗಿ ಬರಲಿಲ್ಲ. ಹತ್ತಿ ಬಿಡಿಸುವ ಕಾಲ. "ತಾನಾಗೇ ಒಲ್ಲೆ ಅಂತಾಳ್ರಿ ಟೀಚರ್" ಎಂದಳು ಅವಳವ್ವ. ಕೆಲವು ದಿನ ಕಾದು, ಹಾಜರಿ ಪುಸ್ತಕದಲ್ಲಿ ನಾನೇ ಬರೆದೆ: ಸ್ವಇಚ್ಛೆಯಿಂದ ಶಾಲೆ ಬಿಟ್ಟಿದ್ದಾಳೆ.

ಬರೆದ ಮೇಲೆ ಚುಚ್ಚತೊಡಗಿತು. ಕ್ರಿಯೆ ತಾನಾಗಿ ನಡೆಯುವುದಕ್ಕೆ ಶಾಖ ಬಿಡುವುದೊಂದೇ ಕಾರಣವಲ್ಲ, ಕಣಗಳು ಚದುರುವ ಒಲವೂ ಕಾರಣ. 1870ರ ದಶಕದಲ್ಲಿ ಅಮೆರಿಕದ ಗಿಬ್ಸ್ ಎರಡನ್ನೂ ಒಂದೇ ಲೆಕ್ಕಕ್ಕೆ ತಂದರು. ಆ ಲೆಕ್ಕದಲ್ಲಿ ಉಷ್ಣತೆಯೂ ಸೇರಿದೆ. ಸೊನ್ನೆ ಡಿಗ್ರಿಗಿಂತ ಮೇಲೆ ಮಂಜುಗಡ್ಡೆ ತಾನಾಗಿ ಕರಗುತ್ತದೆ, ಕೆಳಗೆ ನೀರು ತಾನಾಗಿ ಗಡ್ಡೆಗಟ್ಟುತ್ತದೆ. ವಸ್ತು ಅದೇ. ಯಾದಗಿರಿಯ ಮೇ ಬಿಸಿಲಲ್ಲಿ ಕರಗಿದ ಗಡ್ಡೆಗೆ 'ಸ್ವಇಚ್ಛೆ' ಎನ್ನುತ್ತೇವೆಯೇ? 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ರಾಜ್ಯದಲ್ಲೇ ಅತಿ ಕಡಿಮೆ. ಹೆಂಗಸರಲ್ಲಿ ಅರ್ಧಕ್ಕೂ ಕಡಿಮೆ. ಇಷ್ಟೊಂದು ಮಂದಿಯೂ ತಾವಾಗಿಯೇ ಒಲ್ಲೆ ಎಂದರೇ?

ಹುಡುಗಿ ಯೂರಿಯಾ ಅಲ್ಲ, ಬಲ್ಲೆ. ಎಲ್ಲವನ್ನೂ ಬಿಸಿಲಿನ ಮೇಲೆ ಹೊರಿಸಿದರೆ ಅವಳದೆನ್ನುವ ಮನಸ್ಸೇ ಉಳಿಯುವುದಿಲ್ಲ, ಅದೂ ಅನ್ಯಾಯವೇ. ಇವೆರಡರ ನಡುವೆ ನನಗಿನ್ನೂ ಗೆರೆ ಎಳೆಯಲಾಗಿಲ್ಲ.

ಭಾನುವಾರ ಹೊಲಕ್ಕೆ ಹೋದೆ. ಮಡಿಲ ತುಂಬ ಹತ್ತಿ. ಶಾಲೆಯ ಮಾತೆತ್ತುವ ಮೊದಲೇ ಕೇಳಿದಳು: "ಆ ಲೋಟ ಯಾಕ ತಣ್ಣಗಾತ್ರಿ, ಟೀಚರ್?"

ಬದುವಿನ ಮೇಲೆ ಕೂತು ಹೇಳಿದೆ.