ಅಪ್ಪನ ಜನತಾ ವಾಚು

ಇಂದಿನ ಧಮ್ಮ ಚಿಂತನೆ
ದುದ್ದ ಅಧ್ಯಯನ ಬಳಗ

 

ನಮ್ಮಪ್ಪನ ಎಚ್‌ಎಂಟಿ ಜನತಾ ವಾಚು ನಿಂತು ಎಷ್ಟೋ ವರ್ಷವಾಗಿತ್ತು. ಕಳೆದ ವಾರ ಮಂಡ್ಯದಲ್ಲಿ ಹಳೇ ವಾಚು ರಿಪೇರಿ ಮಾಡುವ ಹಿರಿಯರೊಬ್ಬರಿಗೆ ಕೊಟ್ಟೆ. ಅವರು ಹಿಂದಿನ ಮುಚ್ಚಳ ಬಿಚ್ಚಿ, ಕಣ್ಣಿಗಿಟ್ಟುಕೊಳ್ಳುವ ಮಸೂರವನ್ನು ನನ್ನ ಕೈಗೇ ಕೊಟ್ಟು, 'ನೀವೇ ನೋಡಿ' ಅಂದರು.

ಈ ವಾಚಿಗೆ ಸೆಲ್ ಇಲ್ಲ. ಕೀ ಕೊಟ್ಟಾಗ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ, ಅಷ್ಟೇ ಅದರ ಬಲ. ಆ ಸ್ಪ್ರಿಂಗನ್ನು ಸುಮ್ಮನೆ ಬಿಟ್ಟುಬಿಟ್ಟರೆ ಸರ್ರನೆ ಬಿಚ್ಚಿಕೊಂಡು ಒಂದೇ ಗಳಿಗೆಯಲ್ಲಿ ಬಲವೆಲ್ಲ ಮುಗಿಯುತ್ತದೆ. ಹಾಗಾಗದಂತೆ ಒಂದು ಪುಟ್ಟ ಕವಲುಕಡ್ಡಿ ಹಲ್ಲಿನ ಚಕ್ರವನ್ನು ತಡೆಯುತ್ತದೆ, ಒಂದು ಹಲ್ಲು ಬಿಡುತ್ತದೆ, ಮತ್ತೆ ತಡೆಯುತ್ತದೆ. ನಾವು ಕೇಳುವ ಟಿಕ್ ಟಿಕ್ ಅದೇ. ಬ್ಯಾಲೆನ್ಸ್ ವೀಲ್ ಅತ್ತಿತ್ತ ತೂಗಿ ಅದಕ್ಕೆ ಲಯ ಕೊಡುತ್ತದೆ: ಗಂಟೆಗೆ 18,000 ಸಲ, ಸೆಕೆಂಡಿಗೆ ಐದು. ಸವೆಯದಿರಲಿ ಅಂತ ಒಳಗೆ 17 ಕೆಂಪು ಹರಳು ಕೂರಿಸಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯಿಂದ ಕಲಿತು ನಮ್ಮ ಬೆಂಗಳೂರಿನಲ್ಲೇ ಎಚ್‌ಎಂಟಿ ವಾಚು ಮಾಡಲು ಶುರು ಮಾಡಿದರು. ಲಕ್ಷಗಟ್ಟಲೆ ಬೆಲೆಯ ಸ್ವಿಸ್ ಕೀ ವಾಚುಗಳ ಹೊಟ್ಟೆಯೊಳಗೂ ಮೂಲ ಏರ್ಪಾಡು ಇದೇ. ಅಲ್ಲಿ ಯಾರಿಗೂ ಕಾಣದ ಬಿಡಿಭಾಗದ ಅಂಚನ್ನೂ ಕೈಯಿಂದ ಉಜ್ಜಿ ನುಣುಪು ಮಾಡುತ್ತಾರೆ.

ಬುದ್ಧರ ಕಾಲದಲ್ಲಿ ಸೋಣ ಎಂಬ ಭಿಕ್ಕು ಇದ್ದರು. ಸಿರಿವಂತರ ಮನೆಯ ಮಗ, ಮೆತ್ತನೆಯ ಪಾದ. ಹಟ ಹಿಡಿದು ನಡೆದು ನಡೆದು ಧ್ಯಾನ ಮಾಡಿ ಪಾದದಲ್ಲಿ ರಕ್ತ ಬಂತು. ಫಲ ಕಾಣಲಿಲ್ಲ. ಮನೆಗೇ ಹೋಗಿಬಿಡೋಣ ಅನ್ನಿಸಿತು. ಭಗವಾನರು ಬೈಯಲಿಲ್ಲ. ನೀನು ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ಅತಿ ಬಿಗಿಯಾದರೆ ನುಡಿಯುತ್ತಿತ್ತೇ, ಸಡಿಲವಾದರೆ ನುಡಿಯುತ್ತಿತ್ತೇ ಎಂದು ಕೇಳಿದರು. ಸೋಣರು ಮನೆಗೆ ಹೋಗಲಿಲ್ಲ, ಅರಹಂತರಾದರು.

ನಮ್ಮನ್ನು ನೋಡಿಕೊಳ್ಳೋಣ. ಏಪ್ರಿಲ್ 14ಕ್ಕೆ ಎಷ್ಟು ಡಿಜೆ, ಎಷ್ಟು ಫ್ಲೆಕ್ಸ್! ಮೇ ತಿಂಗಳಲ್ಲಿ ಬಳಗದ ಓದಿಗೆ ಬರುವವರು ಐದು ಜನ. ಉತ್ಸಾಹ ಇಲ್ಲ ಅಂತಲ್ಲ, ಸ್ಪ್ರಿಂಗ್ ಒಂದೇ ದಿನಕ್ಕೆ ಬಿಚ್ಚಿಹೋಗಿರುತ್ತದೆ. ಬಾಬಾಸಾಹೇಬರು ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲೆಯಲ್ಲಿ ಘೋಷಿಸಿದ್ದು 1935ರ ಅಕ್ಟೋಬರ್ 13. ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14. ನಡುವೆ 21 ವರ್ಷ! ಆ ಸಿಟ್ಟನ್ನು ಒಂದೇ ದಿನಕ್ಕೆ ಖರ್ಚು ಮಾಡದೆ ಓದಿಗೆ, ಸಂವಿಧಾನಕ್ಕೆ, ಕೊನೆಗೆ ಧಮ್ಮಕ್ಕೆ ಹಲ್ಲು ಹಲ್ಲಾಗಿ ಬಿಟ್ಟರು.

ಬಳಗದ ಹುಡುಗನೊಬ್ಬ ಫೋನಿನಲ್ಲಿ ದುಬಾರಿ ವಾಚು ತೋರಿಸಿ, 'ಅಣ್ಣ, ಇದನ್ನ ಆಸೆಪಡೋದು ತಪ್ಪಾ?' ಅಂದ. ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಧರ್ಮವು ಬಡತನವನ್ನು ಪವಿತ್ರಗೊಳಿಸಬಾರದು ಎಂದು ಬಾಬಾಸಾಹೇಬರೇ 1950ರಲ್ಲಿ ಬರೆದಿದ್ದಾರೆ. ಸಾಲ ಮಾಡಬೇಡ ಅಂದೆ. ಮತ್ತೆ ಅಪ್ಪನ ಕಥೆ ಹೇಳಿದೆ.

ಅಪ್ಪ ಕೂಲಿ. ಬಾಬಾಸಾಹೇಬರು ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ, 1946ರಲ್ಲಿ, ಕಾರ್ಖಾನೆ ಕೆಲಸವನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದರು. ಕಬ್ಬಿನ ಗದ್ದೆಗೆ ಆ ಲೆಕ್ಕ ಬರಲಿಲ್ಲ. ಗದ್ದೆಯವರು 'ಸಾಕು' ಅಂದಾಗಲೇ ಸಂಜೆ. ಅಪ್ಪ ಮೊದಲ ದಿನ ವಾಚು ಕಟ್ಟಿಕೊಂಡು ಹೋದಾಗ ಕೇಳಿದರಂತೆ: 'ನಿಂಗ್ಯಾತಕ್ಲಾ ವಾಚು? ಹೊತ್ತು ಮುಳುಗೋದು ಕಾಣಾಕಿಲ್ವಾ?' ಅಪ್ಪ ಉತ್ತರ ಕೊಡಲಿಲ್ಲ, ವಾಚನ್ನೂ ಬಿಚ್ಚಲಿಲ್ಲ. ಮಾರನೇ ದಿನವೂ ಕಟ್ಟಿಕೊಂಡು ಹೋದರು. ಅದರ ಮಾರನೇ ದಿನವೂ. ಆರು ಗಂಟೆಗೆ ಕುಡುಗೋಲು ಕೆಳಗಿಟ್ಟು, 'ಆರಾಯ್ತು ಸ್ವಾಮಿ' ಅನ್ನಲು ಅವರಿಗೆ ಎಷ್ಟು ತಿಂಗಳು ಬೇಕಾಯಿತೋ, ಹೇಳಲಿಲ್ಲ.

ವಾಚು ಈಗ ನಡೆಯುತ್ತಿದೆ, ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ವಂದನೆ ಮುಗಿಸಿ ಕೀ ಕೊಡುತ್ತೇನೆ.

ಭಾನುವಾರ ಸಂಜೆ 6ಕ್ಕೆ ಓದು, ಹೋದ ವಾರ ನಿಲ್ಲಿಸಿದ ಪುಟದಿಂದ. ಐದೇ ಜನ ಬಂದರೂ ಶುರು ಮಾಡುತ್ತೇವೆ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.